ಮಾಂಸದ ಜಿಂಕ್ ಮತ್ತು ವಯಸ್ಸಾದವರ ಹೃದಯ: ಪದೇ ಪದೇ ಕೇಳುವ ಪ್ರಶ್ನೆಗಳು

ಅಪ್ಪನಿಗೆ ಸ್ಟೆಂಟ್ ಹಾಕಿಸಿ ಕೋಲಾರದ ಮನೆಗೆ ಕರೆತಂದ ದಿನವೇ ಅಮ್ಮ ಮಟನ್ ಬೇಯಿಸುವ ದೊಡ್ಡ ಕುಕ್ಕರನ್ನು ಅಟ್ಟಕ್ಕೆ ಹಾಕಿಬಿಟ್ಟರು. "ಇನ್ನು ಈ ಮನೇಲಿ ಬಾಡು ಬೇಡ" ಅಂದರು. ಅಪ್ಪನಿಗೆ ಆಗ 72. ಎಂಟು ತಿಂಗಳು ಅನ್ನ, ತಿಳಿ ಸಾರು, ಹಾಲು ಬ್ರೆಡ್ಡಿನಲ್ಲೇ ಕಳೆದರು. 6 ಕೆಜಿ ಇಳಿದರು. ಏನು ತಿಂದರೂ ಸಪ್ಪೆ ಅನ್ನುತ್ತಿದ್ದರು. ಚಪ್ಪಲಿ ಉಜ್ಜಿ ಕಾಲಿಗೆ ಆದ ಸಣ್ಣ ಗಾಯ ಎರಡು ತಿಂಗಳಾದರೂ ಮಾಯಲಿಲ್ಲ.

ನಾನು ಹಿರಿಯರ ಊಟ ತಿಂಡಿಯ ಬಗ್ಗೆ ಸಲಹೆ ಕೊಡುವ ಕೆಲಸ ಮಾಡುತ್ತೇನೆ. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ ಕಡೆಯ ಮನೆಗಳಲ್ಲಿ ನಾನು ಪದೇ ಪದೇ ನೋಡುವುದು ಎರಡೇ ಥರ. ಒಂದು, ಹೃದಯಕ್ಕೆ ಹೆದರಿ ಎಲ್ಲವನ್ನೂ ಬಿಟ್ಟವರು. ಇನ್ನೊಂದು, "ಮಟನ್ನಲ್ಲಿ ಜಿಂಕ್ ಇದೆ, ಶಕ್ತಿ ಬರುತ್ತೆ" ಅಂತ ಹಬ್ಬದಲ್ಲಿ ಮೂರು ದಿನ ಬಿಡದೆ ತಿನ್ನುವವರು. ಇಬ್ಬರಿಗೂ ಹೇಳಬೇಕಾದದ್ದು ಇಲ್ಲಿದೆ.

ಜಿಂಕ್ ಅಂದರೆ ಏನು? ಅದು ನಮಗೆ ಯಾಕೆ ಬೇಕು?

ಶಾಲೆಯ ಪುಸ್ತಕದಲ್ಲಿ ಸತು ಅಂತ ಓದಿರುತ್ತೇವಲ್ಲ, ಅದೇ. ಮೈಯಲ್ಲಿ ಒಟ್ಟು ಇರುವುದು 2ರಿಂದ 3 ಗ್ರಾಂ ಅಷ್ಟೇ. ಬಹುಪಾಲು ಮಾಂಸಖಂಡ ಮತ್ತು ಮೂಳೆಯಲ್ಲಿ ಇರುತ್ತದೆ. ಗಾಯ ಮಾಯಲು, ನಾಲಿಗೆಗೆ ರುಚಿ ಗೊತ್ತಾಗಲು, ಸೋಂಕಿನ ವಿರುದ್ಧ ಹೋರಾಡಲು ಇದು ಬೇಕು. ಕಬ್ಬಿಣದ ಅಂಶವನ್ನು ದೇಹ ಕೂಡಿಟ್ಟುಕೊಳ್ಳುತ್ತದೆ. ಜಿಂಕ್‌ಗೆ ಅಂಥ ಉಗ್ರಾಣ ಇಲ್ಲ. ಹಾಗಾಗಿ ದಿನದಿನದ ಊಟದಲ್ಲೇ ಬರಬೇಕು.

ಮನುಷ್ಯರಿಗೆ ಜಿಂಕ್ ಕೊರತೆ ಆಗಬಹುದು ಅಂತ ಮೊದಲು ಗುರುತಿಸಿದವರು ನಮ್ಮ ದೇಶದಲ್ಲೇ ಹುಟ್ಟಿದ ವೈದ್ಯ ಆನಂದ ಪ್ರಸಾದ್. ಬಿಹಾರದ ಬಕ್ಸರ್‌ನವರು. ಇರಾನಿನ ಶಿರಾಜ್‌ನಲ್ಲಿ ಕೆಲಸ ಮಾಡುವಾಗ, ವಯಸ್ಸಿಗೆ ತಕ್ಕಂತೆ ಬೆಳೆಯದೆ ಕುಳ್ಳಗೆ ಉಳಿದ ಯುವಕರು ಅವರ ಕಣ್ಣಿಗೆ ಬಿದ್ದರು. ಆ ಹುಡುಗರು ಹೆಚ್ಚಾಗಿ ತಿನ್ನುತ್ತಿದ್ದದ್ದು ಹುಳಿ ಬರಿಸದ ಗೋಧಿ ರೊಟ್ಟಿ. ಮಾಂಸ ಬಹಳ ಕಡಿಮೆ. 1961ರಲ್ಲಿ ಅದರ ವರದಿ ಬಂತು. ಈ ರೊಟ್ಟಿಯ ವಿಷಯ ನೆನಪಿಟ್ಟುಕೊಳ್ಳಿ. ಮುಂದೆ ನಮ್ಮ ಮುದ್ದೆಯ ಮಾತು ಬಂದಾಗ ಬೇಕಾಗುತ್ತದೆ.

ದಿನಕ್ಕೆ ಎಷ್ಟು ಬೇಕು?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿರುವ ಲೆಕ್ಕದಲ್ಲಿ ಗಂಡಸರಿಗೆ 17 ಮಿಲಿಗ್ರಾಂ, ಹೆಂಗಸರಿಗೆ 13.2 ಮಿಲಿಗ್ರಾಂ. ಅಮೆರಿಕದಲ್ಲಿ ಇದೇ ಲೆಕ್ಕ 11 ಮತ್ತು 8. ಅವರಿಗೆ ಯಾಕೆ ಕಡಿಮೆ ಅಂದರೆ, ನಮ್ಮ ಊಟದಲ್ಲಿ ಕಾಳು, ಧಾನ್ಯ ಜಾಸ್ತಿ. ಅದರಲ್ಲಿರುವ ಜಿಂಕ್ ಅಷ್ಟು ಸುಲಭವಾಗಿ ಮೈಗೆ ಹತ್ತುವುದಿಲ್ಲ.

ಹಾಗಾದರೆ ಮಾಂಸದ ಜಿಂಕ್ ಬೇರೆ, ರಾಗಿಯ ಜಿಂಕ್ ಬೇರೆಯಾ?

ಜಿಂಕ್ ಒಂದೇ. ಅದರ ಜೊತೆಗೆ ಬರುವುದು ಬೇರೆ.

ರಾಗಿ, ಗೋಧಿ, ಹುರುಳಿ, ಅವರೆ ಇವುಗಳಲ್ಲಿ ಫೈಟೇಟ್ ಎಂಬ ಅಂಶ ಇರುತ್ತದೆ. ಅದು ಕರುಳಿನಲ್ಲಿ ಜಿಂಕನ್ನು ಗಟ್ಟಿಯಾಗಿ ಹಿಡಿದುಕೊಂಡು ಹಾಗೇ ಹೊರಗೆ ಒಯ್ಯುತ್ತದೆ. ಫೈಟೇಟ್ ತುಂಬಾ ಇರುವ ಊಟದಲ್ಲಿ ಜಿಂಕ್ ಸುಮಾರು 15 ಪರ್ಸೆಂಟ್ ಮಾತ್ರ ಮೈಗೆ ಸೇರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಿಡಿಯುತ್ತದೆ. ಫೈಟೇಟ್ ಬಹಳ ಕಡಿಮೆ ಇದ್ದು ಮಾಂಸ, ಮೀನು ಚೆನ್ನಾಗಿರುವ ಊಟದಲ್ಲಿ 50 ಪರ್ಸೆಂಟ್‌ವರೆಗೂ ಸೇರಬಹುದು. ಶಿರಾಜ್‌ನ ಆ ಹುಡುಗರಿಗೆ ಆದದ್ದು ಇದೇ. ರೊಟ್ಟಿಯಲ್ಲಿ ಜಿಂಕ್ ಇತ್ತು, ಮೈಗೆ ಸಿಗಲಿಲ್ಲ.

100 ಗ್ರಾಂ ಮೇಕೆ ಅಥವಾ ಕುರಿ ಮಾಂಸದಲ್ಲಿ ಸುಮಾರು 4 ಮಿಲಿಗ್ರಾಂ ಜಿಂಕ್ ಇದೆ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 2.5. ಬರೀ ಅಂಕಿ ನೋಡಿದರೆ ದೊಡ್ಡ ವ್ಯತ್ಯಾಸ ಅನ್ನಿಸುವುದಿಲ್ಲ. ಮೈಗೆ ಸೇರುವ ಹೊತ್ತಿಗೆ ವ್ಯತ್ಯಾಸ ದೊಡ್ಡದಾಗುತ್ತದೆ. ಇನ್ನೊಂದು ಒಳ್ಳೆಯ ವಿಷಯ ಇದೆ. ಮುದ್ದೆಯ ಜೊತೆ ಎರಡು ತುಂಡು ಮಾಂಸ ಅಥವಾ ಒಂದು ಮೊಟ್ಟೆ ಇದ್ದರೆ, ಆ ಪ್ರೋಟೀನಿನಿಂದ ಮುದ್ದೆಯಲ್ಲಿರುವ ಜಿಂಕ್ ಕೂಡ ಸ್ವಲ್ಪ ಜಾಸ್ತಿ ಮೈಗೆ ಹತ್ತುತ್ತದೆ.

ಹಾಗಾದರೆ ಮಾಂಸ ಜಾಸ್ತಿ ತಿಂದರೆ ಹೃದಯಕ್ಕೆ ಒಳ್ಳೆಯದೇ ಅಲ್ವಾ?

ಇಲ್ಲ. ಇಲ್ಲೇ ಎಲ್ಲರೂ ಎಡವುವುದು. ಅದಕ್ಕೇ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅಮೆರಿಕದಲ್ಲಿ ಮೆಸಾ ಎಂಬ ದೊಡ್ಡ ಅಧ್ಯಯನ 2000ದಲ್ಲಿ ಶುರುವಾಯಿತು. 45ರಿಂದ 84 ವರ್ಷದ, ಆಗ ಹೃದಯದ ಕಾಯಿಲೆ ಇಲ್ಲದ 6,800ಕ್ಕೂ ಹೆಚ್ಚು ಜನರನ್ನು ಸೇರಿಸಿಕೊಂಡು ವರ್ಷಾನುಗಟ್ಟಲೆ ಗಮನಿಸಿದರು. ಏನು ತಿನ್ನುತ್ತಾರೆ ಎಂದೂ ಕೇಳಿ ಬರೆದುಕೊಂಡರು. 2012ರಲ್ಲಿ ಪ್ರಕಟವಾದ ಅದರ ಒಂದು ವರದಿ ಜಿಂಕ್ ಬಗ್ಗೆಯೇ ಇತ್ತು. ಕೆಂಪು ಮಾಂಸದಿಂದ ಬರುವ ಜಿಂಕ್ ಜಾಸ್ತಿ ಇದ್ದವರಲ್ಲಿ ಹೃದಯದ ಕಾಯಿಲೆ ಜಾಸ್ತಿ ಕಂಡಿತು. ಬೇರೆ ಆಹಾರದಿಂದ ಬರುವ ಜಿಂಕ್‌ಗೆ ಆ ನಂಟು ಕಾಣಲಿಲ್ಲ.

ಇದನ್ನು ನಿಧಾನವಾಗಿ ಯೋಚಿಸಿ. ಜಿಂಕೇ ಕೆಟ್ಟದ್ದಾಗಿದ್ದರೆ ಕಾಳಿನ ಜಿಂಕ್, ಹಾಲಿನ ಜಿಂಕ್ ಕೂಡ ಕೆಡುಕು ಮಾಡಬೇಕಿತ್ತು. ಮಾಡಲಿಲ್ಲ. ಹಾಗಾದರೆ ತಪ್ಪು ಜಿಂಕ್‌ನದಲ್ಲ, ಅದರ ಜೊತೆ ಬರುವ ಬಳಗದ್ದು. ಕುರಿ, ಮೇಕೆ, ದನ, ಹಂದಿ ಮಾಂಸದ ಜೊತೆ ಗಟ್ಟಿ ಕೊಬ್ಬು ಬರುತ್ತದೆ. ಅದು ರಕ್ತದಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಏರಿಸುತ್ತದೆ. ಮಾಂಸದ ಕೆಂಪು ಬಣ್ಣಕ್ಕೆ ಕಾರಣವಾದ ಹೀಮ್ ಕಬ್ಬಿಣವೂ ಬರುತ್ತದೆ, ಅತಿಯಾದರೆ ಅದಕ್ಕೂ ಹೃದಯದ ಕಾಯಿಲೆಗೂ ನಂಟು ಕಂಡಿದೆ. ಮಾಂಸದಲ್ಲಿ ಕಾರ್ನಿಟಿನ್ ಇರುತ್ತದೆ. ನಮ್ಮ ಕರುಳಿನ ಬ್ಯಾಕ್ಟೀರಿಯಾಗಳು ಮತ್ತು ಲಿವರ್ ಸೇರಿ ಅದನ್ನು ಟಿಎಂಎಒ ಎಂಬ ವಸ್ತುವಾಗಿ ಮಾಡುತ್ತವೆ. ಅದು ರಕ್ತನಾಳಕ್ಕೆ ಹೇಗೆ ಕೆಡುಕು ಮಾಡಬಹುದು ಎಂಬುದನ್ನು ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನವರು 2013ರಲ್ಲಿ ತೋರಿಸಿದರು. ಇದರ ಮೇಲೆ ನಾವು ಹಾಕುವ ಉಪ್ಪು, ಎಣ್ಣೆ, ತೆಂಗಿನಕಾಯಿ ಮಸಾಲೆ ಬೇರೆ.

ಇಂಥ ಅಧ್ಯಯನ ನಂಟನ್ನು ತೋರಿಸುತ್ತದೆ. ಇದರಿಂದಲೇ ಅದಾಯಿತು ಎಂದು ಸಾಬೀತು ಮಾಡುವುದಿಲ್ಲ. ಅಲ್ಲಿನವರ ಊಟ ನಮ್ಮದೂ ಅಲ್ಲ. ಅವರ ತಟ್ಟೆಯಲ್ಲಿ ಮಾಂಸ ಹೆಚ್ಚುಕಡಿಮೆ ದಿನವೂ ಇರುತ್ತದೆ. ನಮ್ಮಲ್ಲಿ ಭಾನುವಾರಕ್ಕೊಮ್ಮೆ, ಹಬ್ಬಕ್ಕೊಮ್ಮೆ. ಆದರೂ ನಾನು ಇದರಿಂದ ತಿಳಿದುಕೊಂಡದ್ದು ಇಷ್ಟು: ಜಿಂಕ್ ಬೇಕು ಅಂತ ಮಾಂಸದ ಪ್ರಮಾಣ ಏರಿಸಬೇಡಿ. ಕೊಬ್ಬು ಕಡಿಮೆ ಮಾಡಿ, ಸ್ವಲ್ಪವೇ ತಿಂದು, ಉಳಿದದ್ದನ್ನು ಬೇರೆ ಕಡೆಯಿಂದ ತುಂಬಿಸಿಕೊಳ್ಳಿ.

ಜಿಂಕ್ ಕಡಿಮೆಯಾದರೂ ಹೃದಯಕ್ಕೆ ತೊಂದರೆ ಅನ್ನುತ್ತಾರೆ, ನಿಜವಾ?

ಹಾರ್ಟ್ ಫೇಲ್ಯೂರ್ (ಹೃದಯ ಸೋತು ರಕ್ತವನ್ನು ಸರಿಯಾಗಿ ಪಂಪ್ ಮಾಡದ ಸ್ಥಿತಿ) ಇರುವವರ ರಕ್ತದಲ್ಲಿ, ಹೃದಯಾಘಾತ ಆದವರ ರಕ್ತದಲ್ಲಿ ಜಿಂಕ್ ಕಡಿಮೆ ಇರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಆದರೆ ಕಾಯಿಲೆ ಬಂದ ಮೇಲೂ ಅದು ಇಳಿಯುತ್ತದೆ. ಮೈಯಲ್ಲಿ ಉರಿಯೂತ ಇದ್ದರೆ ಇಳಿಯುತ್ತದೆ, ಮೂತ್ರ ಹೋಗಿಸುವ ಮಾತ್ರೆಯಿಂದಲೂ ಇಳಿಯುತ್ತದೆ. ಹಾಗಾಗಿ ಯಾವುದು ಮೊದಲು, ಯಾವುದು ಆಮೇಲೆ ಅಂತ ಹೇಳುವುದು ಕಷ್ಟ. ಜಿಂಕ್ ಮಾತ್ರೆ ನುಂಗಿದರೆ ಹೃದಯಾಘಾತ ತಪ್ಪುತ್ತದೆ ಎಂದು ತೋರಿಸಿಕೊಟ್ಟ ದೊಡ್ಡ ಪ್ರಯೋಗ ಇಲ್ಲ.

ವಯಸ್ಸಾದವರಿಗೇ ಯಾಕೆ ಕೊರತೆ ಜಾಸ್ತಿ?

ಹಲ್ಲು. ನನ್ನ ಅನುಭವದಲ್ಲಿ ಮೊದಲ ಕಾರಣ ಅದೇ. ಅಗಿಯಲು ಆಗದ ಅಜ್ಜಿ ಮಾಂಸ ಬಿಡುತ್ತಾರೆ, ಆಮೇಲೆ ಕಾಳು ಬಿಡುತ್ತಾರೆ, ಕೊನೆಗೆ ಕಡಲೆಕಾಯಿಯನ್ನೂ ಬಿಡುತ್ತಾರೆ. ಉಳಿಯುವುದು ಅನ್ನ, ಮಜ್ಜಿಗೆ, ಟೀ, ರಸ್ಕು. ಜಿಂಕ್ ಕಡಿಮೆಯಾದರೆ ನಾಲಿಗೆಯ ರುಚಿ ಹೋಗುತ್ತದೆ. ರುಚಿ ಇಲ್ಲ ಅಂತ ಇನ್ನೂ ಕಡಿಮೆ ತಿನ್ನುತ್ತಾರೆ. ಕೆಲವರು ರುಚಿಗಾಗಿ ಉಪ್ಪಿನಕಾಯಿ, ಮೇಲುಪ್ಪು ಶುರು ಮಾಡುತ್ತಾರೆ, ಆಗ ಬಿಪಿ ಏರುತ್ತದೆ. ನಮ್ಮ ಅಪ್ಪನದೂ ಹಾಗೇ ಆಯಿತು. ಗಾಯ ಮಾಯದಿರುವುದಕ್ಕೆ ಅವರ ಶುಗರ್ ಮುಖ್ಯ ಕಾರಣ ಅಂತ ಡಾಕ್ಟರು ಹೇಳಿದರು. ಆದರೆ ಊಟ ಇಷ್ಟು ಸೊರಗಿದರೆ ಶುಗರ್ ಹತೋಟಿಗೆ ಬಂದರೂ ಗಾಯ ತುಂಬಲು ಸಾಮಗ್ರಿ ಎಲ್ಲಿಂದ ಬರಬೇಕು ಎಂದೂ ಅವರೇ ಕೇಳಿದರು.

ಮನೆಯಲ್ಲಿ ಒಬ್ಬರೇ ಇರುವ ಹಿರಿಯರಲ್ಲಿ ಇದು ಇನ್ನೂ ಜಾಸ್ತಿ. ಒಬ್ಬರಿಗಾಗಿ ಯಾರು ಕಾಳು ನೆನೆಹಾಕುತ್ತಾರೆ?

ಬಿಪಿ ಮಾತ್ರೆ, ಗ್ಯಾಸ್ ಮಾತ್ರೆಯಿಂದ ಜಿಂಕ್ ಹೋಗುತ್ತದಾ?

ಸ್ವಲ್ಪ ಹೋಗಬಹುದು. ಕ್ಲೋರ್ಥಾಲಿಡೋನ್, ಹೈಡ್ರೋಕ್ಲೋರೋಥಯಜೈಡ್ ಥರದ ಮಾತ್ರೆಗಳು ಮೂತ್ರದಲ್ಲಿ ಜಿಂಕ್ ಜಾಸ್ತಿ ಹೋಗುವಂತೆ ಮಾಡುತ್ತವೆ. ಪ್ಯಾಂಟೊಪ್ರಜೋಲ್ ಥರದ ಗ್ಯಾಸ್ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಂಡರೆ ಹೊಟ್ಟೆಯ ಆಮ್ಲ ಕಡಿಮೆಯಾಗಿ ಜಿಂಕ್ ಹೀರುವುದು ಕುಗ್ಗಬಹುದು. ಆದರೆ ಈ ಕಾರಣಕ್ಕೆ ಯಾವ ಮಾತ್ರೆಯನ್ನೂ ನೀವೇ ನಿಲ್ಲಿಸಬೇಡಿ. ಬಿಪಿ ಮಾತ್ರೆ ಬಿಟ್ಟರೆ ಆಗುವ ಅನಾಹುತ ಬಹಳ ದೊಡ್ಡದು. ಮುಂದಿನ ಸಲ ಹೋದಾಗ ಡಾಕ್ಟರನ್ನು ಕೇಳಿ.

ವಾರಕ್ಕೆ ಎಷ್ಟು ಮಟನ್ ತಿನ್ನಬಹುದು?

ಹೃದಯದ ತೊಂದರೆ ಇರುವ ಹಿರಿಯರಿಗೆ ನಾನು ಹೇಳುವುದು ವಾರಕ್ಕೆ ಒಂದು ಸಲ, 75ರಿಂದ 100 ಗ್ರಾಂ, ಮೂಳೆ ಬಿಟ್ಟು. ಅಂದರೆ ನಿಂಬೆಹಣ್ಣಿನ ಗಾತ್ರದ ಮೂರು ತುಂಡು. ಕಿಡ್ನಿ ತೊಂದರೆ ಅಥವಾ ಯೂರಿಕ್ ಆಸಿಡ್ ಇದ್ದರೆ ಡಾಕ್ಟರನ್ನು ಕೇಳದೆ ಇಷ್ಟೂ ಬೇಡ.

ಅಂಗಡಿಯಲ್ಲಿ ತೊಡೆ ಭಾಗ ಕೇಳಿ ತೆಗೆದುಕೊಳ್ಳಿ, ಎದೆ ಚಾಪ್ಸ್ ಬೇಡ. ಮೇಲೆ ಬೆಳ್ಳಗೆ ಅಂಟಿರುವ ಕೊಬ್ಬನ್ನು ಅಲ್ಲೇ ತೆಗೆಸಿ. ಸಾರು ಮಾಡಿ ಆರಿದ ಮೇಲೆ ಫ್ರಿಜ್ಜಿನಲ್ಲಿಟ್ಟರೆ ಕೊಬ್ಬು ಮೇಲೆ ಹೆಪ್ಪುಗಟ್ಟುತ್ತದೆ, ಚಮಚದಲ್ಲಿ ತೆಗೆದುಬಿಡಿ. ಜಿಂಕ್ ಕೊಬ್ಬಿನಲ್ಲಿ ಇರುವುದಿಲ್ಲ, ಕೆಂಪು ಮಾಂಸದ ಭಾಗದಲ್ಲೇ ಇರುತ್ತದೆ. ಹಾಗಾಗಿ ಏನೂ ನಷ್ಟವಿಲ್ಲ. ಬೇಯಿಸಿದರೂ ಜಿಂಕ್ ಸುಟ್ಟುಹೋಗುವುದಿಲ್ಲ. ಸ್ವಲ್ಪ ನೀರಿಗೆ ಇಳಿಯುತ್ತದೆ, ಅದು ಸಾರಿನಲ್ಲೇ ಇರುತ್ತದೆ.

ಕಾಲು ಸೂಪ್ ಕುಡಿದರೆ ಜಿಂಕ್ ಬರುತ್ತದಾ?

ಬಹಳ ಕಡಿಮೆ. ಬಿಸಿಬಿಸಿಯಾಗಿ ಹಿತವಾಗಿರುತ್ತದೆ ನಿಜ. ಆದರೆ ಮೂಳೆಯಲ್ಲಿರುವ ಜಿಂಕ್ ನೀರಿಗೆ ಅಷ್ಟಾಗಿ ಬಿಡುವುದಿಲ್ಲ. ಬರುವುದು ಜಾಸ್ತಿ ಕೊಬ್ಬು ಮತ್ತು ನಾವು ಹಾಕಿದ ಉಪ್ಪು.

ಕೋಳಿ, ಮೊಟ್ಟೆ, ಮೀನು?

ಕೋಳಿಯ ಎದೆ ಭಾಗದಲ್ಲಿ 100 ಗ್ರಾಂಗೆ 1 ಮಿಲಿಗ್ರಾಂಗಿಂತ ಕಡಿಮೆ, ಕಾಲಿನ ಭಾಗದಲ್ಲಿ ಸುಮಾರು 2. ಒಂದು ಮೊಟ್ಟೆಯಲ್ಲಿ ಸುಮಾರು 0.6, ಅದೂ ಹೆಚ್ಚಾಗಿ ಹಳದಿಯಲ್ಲಿ. ಕೆರೆ ಮೀನಿನಲ್ಲಿ ಜಿಂಕ್ ಹೆಚ್ಚಿಲ್ಲ, ಆದರೆ ಹೃದಯಕ್ಕೆ ಮಟನ್‌ಗಿಂತ ಮೀನೇ ವಾಸಿ. ಚರ್ಮ ತೆಗೆದ ಕೋಳಿ ಕಾಲು ಎರಡಕ್ಕೂ ಸರಿಹೊಂದುತ್ತದೆ.

ನಾವು ಮಾಂಸ ಮುಟ್ಟುವುದಿಲ್ಲ. ಏನು ಮಾಡಬೇಕು?

ನಿಮ್ಮ ಅಜ್ಜಿ ಮಾಡುತ್ತಿದ್ದದ್ದನ್ನೇ ಮಾಡಿ. ಹುರುಳಿಕಾಳನ್ನು ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ, ಬಾಲ ಬಂದ ಮೇಲೆ ಸಾರು ಮಾಡುತ್ತಿದ್ದರಲ್ಲ? ಮೊಳಕೆ ಬರುವಾಗ ಕಾಳಿನೊಳಗಿನ ಫೈಟೇಟ್ ಒಡೆಯುತ್ತದೆ. ಇಡ್ಲಿ, ದೋಸೆ ಹಿಟ್ಟು ಹುಳಿ ಬಂದಾಗಲೂ ಇದೇ ಆಗುತ್ತದೆ. ರಾಗಿಯನ್ನೂ ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಹಿಟ್ಟು ಮಾಡಿಸಿದರೆ ಅದೇ ರಾಗಿಯಿಂದ ಜಿಂಕ್ ಜಾಸ್ತಿ ಸಿಗುತ್ತದೆ. ಮಕ್ಕಳಿಗೆ ಮಾಡುವ ಆ ಗಂಜಿ ದೊಡ್ಡವರಿಗೂ ಒಳ್ಳೆಯದು.

ಎಳ್ಳು, ಕುಂಬಳದ ಬೀಜ ಎರಡರಲ್ಲೂ 100 ಗ್ರಾಂಗೆ 7 ಮಿಲಿಗ್ರಾಂಗಿಂತ ಹೆಚ್ಚಿದೆ. ಹುರಿದ ಎಳ್ಳಿನ ಚಟ್ನಿಪುಡಿ ಒಂದು ಚಮಚ, ಒಂದು ಹಿಡಿ ಕಡಲೆಕಾಯಿ, ದಿನಕ್ಕೆ ಎರಡು ಲೋಟ ಹಾಲು ಅಥವಾ ಮೊಸರು. ಹಿತಕಿದ ಅವರೆಬೇಳೆ ಮಾಡುವವರಿಗೆ ಒಂದು ಮಾತು: ನೆನೆಸಿ ಸಿಪ್ಪೆ ತೆಗೆಯುವ ಆ ಕೆಲಸ ಬೇಜಾರಿನದ್ದು, ಆದರೆ ಹಲ್ಲಿಲ್ಲದವರಿಗೆ ಅಷ್ಟು ಮೆತ್ತಗಿನ ಕಾಳು ಇನ್ನೊಂದಿಲ್ಲ.

ಕೋವಿಡ್ ಕಾಲದಲ್ಲಿ ಕೊಟ್ಟ ಜಿಂಕ್ ಮಾತ್ರೆ ಇನ್ನೂ ನುಂಗುತ್ತಿದ್ದೇವೆ. ಪರವಾಗಿಲ್ಲವಾ?

ಇವತ್ತೇ ಆ ಮಾತ್ರೆಯ ಹಾಳೆಯನ್ನು ಡಾಕ್ಟರಿಗೆ ತೋರಿಸಿ. ದಯವಿಟ್ಟು.

ನಮ್ಮ ಬೀದಿಯ ಒಬ್ಬ ಅಜ್ಜಿ 50 ಮಿಲಿಗ್ರಾಂ ಮಾತ್ರೆಯನ್ನು ಒಂದೂವರೆ ವರ್ಷ ನುಂಗಿದರು. ಹತ್ತು ದಿನಕ್ಕೆ ಬರೆದುಕೊಟ್ಟದ್ದು. ಔಷಧಿ ಅಂಗಡಿಯಲ್ಲಿ ಹಳೇ ಚೀಟಿ ತೋರಿಸಿದಾಗಲೆಲ್ಲ ಕೊಟ್ಟರು, ಯಾರೂ ಕೇಳಲಿಲ್ಲ. ಅಜ್ಜಿಗೆ ಸುಸ್ತು, ಪಾದ ಜೋಮು ಹಿಡಿಯುವುದು ಶುರುವಾಯಿತು. ಕಬ್ಬಿಣದ ಟಾನಿಕ್ ಕೊಟ್ಟರೂ ರಕ್ತ ಏರಲಿಲ್ಲ. ಕೊನೆಗೆ ನೋಡಿದರೆ ಮೈಯಲ್ಲಿ ತಾಮ್ರ ಕಡಿಮೆಯಾಗಿತ್ತು. ಜಿಂಕ್ ಅತಿಯಾದರೆ ತಾಮ್ರ ಮೈಗೆ ಸೇರಲು ಬಿಡುವುದಿಲ್ಲ. ತಾಮ್ರ ಇಲ್ಲದಿದ್ದರೆ ರಕ್ತವೂ ಕಡಿಮೆಯಾಗುತ್ತದೆ, ನರಗಳೂ ಸೊರಗುತ್ತವೆ. ಮಾತ್ರೆ ನಿಲ್ಲಿಸಿದ ಮೇಲೆ ರಕ್ತ ಸರಿಯಾಯಿತು. ಪಾದದ ಜೋಮು ಪೂರ್ತಿ ಹೋಗಿಲ್ಲ.

ಹೃದಯದ ಲೆಕ್ಕದಲ್ಲೂ ಇದು ಒಳ್ಳೆಯದಲ್ಲ. 1980ರಲ್ಲಿ ಅಮೆರಿಕದಲ್ಲಿ 12 ಆರೋಗ್ಯವಂತ ಗಂಡಸರಿಗೆ ದಿನಕ್ಕೆ 440 ಮಿಲಿಗ್ರಾಂ ಜಿಂಕ್ ಸಲ್ಫೇಟ್ ಐದು ವಾರ ಕೊಟ್ಟು ನೋಡಿದರು. ಅವರ ಒಳ್ಳೆಯ ಕೊಲೆಸ್ಟ್ರಾಲ್, ಅಂದರೆ ಎಚ್‌ಡಿಎಲ್, 25 ಪರ್ಸೆಂಟ್ ಇಳಿದುಹೋಯಿತು. ಅದು ಬಹಳ ದೊಡ್ಡ ಪ್ರಮಾಣ ನಿಜ. ಆದರೆ ಜಾಸ್ತಿ ಆದಷ್ಟೂ ಒಳ್ಳೆಯದು ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಊಟ, ಮಾತ್ರೆ ಎಲ್ಲಾ ಸೇರಿ ದಿನಕ್ಕೆ 40 ಮಿಲಿಗ್ರಾಂ ದಾಟಬಾರದು, ಡಾಕ್ಟರು ಕಾರಣಕ್ಕೆ ಕೊಟ್ಟಿದ್ದರೆ ಮಾತ್ರ ಬೇರೆ.

ಮಾತ್ರೆಯ ಹಾಳೆ ಓದುವಾಗ ಒಂದು ಗಮನಿಸಿ. 220 ಮಿಲಿಗ್ರಾಂ ಜಿಂಕ್ ಸಲ್ಫೇಟ್ ಅಂದರೆ ಅದರಲ್ಲಿ ನಿಜವಾದ ಜಿಂಕ್ ಸುಮಾರು 50 ಮಿಲಿಗ್ರಾಂ. ಎಲಿಮೆಂಟಲ್ ಎಂದು ಬರೆದಿರುವ ಅಂಕಿಯನ್ನೇ ನೋಡಿ.

ಡಾಕ್ಟರೇ ಜಿಂಕ್ ಬರೆದುಕೊಟ್ಟಿದ್ದಾರೆ. ಹೇಗೆ ತೆಗೆದುಕೊಳ್ಳಬೇಕು?

ಅವರು ಹೇಳಿದಷ್ಟು ದಿನ ಮಾತ್ರ. ಕಬ್ಬಿಣದ ಮಾತ್ರೆಯ ಜೊತೆ ಒಟ್ಟಿಗೆ ಬೇಡ, ಒಂದು ಬೆಳಿಗ್ಗೆ, ಒಂದು ಸಂಜೆ ಇರಲಿ. ಸಿಪ್ರೊಫ್ಲಾಕ್ಸಾಸಿನ್, ಡಾಕ್ಸಿಸೈಕ್ಲಿನ್ ಥರದ ಆಂಟಿಬಯಾಟಿಕ್ ನಡೆಯುತ್ತಿದ್ದರೆ ಮೊದಲೇ ಹೇಳಿ, ಎರಡೂ ಒಟ್ಟಿಗೆ ಹೋದರೆ ಆಂಟಿಬಯಾಟಿಕ್ ಮೈಗೆ ಹತ್ತುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ವಾಕರಿಕೆ ಬಂದರೆ ಊಟ ಆದ ಮೇಲೆ ತೆಗೆದುಕೊಳ್ಳಿ.

ರಕ್ತ ಪರೀಕ್ಷೆ ಮಾಡಿಸಿದರೆ ಕೊರತೆ ಗೊತ್ತಾಗುತ್ತದಾ?

ಪೂರ್ತಿ ನಂಬುವ ಹಾಗಿಲ್ಲ. ಜ್ವರ, ಸೋಂಕು ಇದ್ದಾಗ ಅಂಕಿ ಇಳಿದಿರುತ್ತದೆ. ಊಟ ಆದ ಮೇಲೂ ಇಳಿಯುತ್ತದೆ. ಕೊರತೆ ಇದ್ದರೂ ಕೆಲವೊಮ್ಮೆ ಸರಿಯಾಗೇ ಕಾಣಬಹುದು. ನಾನು ಮೊದಲು ಕೇಳುವುದು ಮೂರು ದಿನದ ಊಟದ ಪಟ್ಟಿ.

ಹೊಸತೊಡಕಿನ ದಿನ ಒಂದು ದಿನ ತಿಂದರೆ ಏನಾಗುತ್ತದೆ?

ಯುಗಾದಿಯ ಮಾರನೇ ದಿನ ನಮ್ಮ ಕಡೆ ಹೇಗಿರುತ್ತದೆ ನಿಮಗೇ ಗೊತ್ತು. ಗುಡ್ಡೆ ಬಾಡು ಹಾಕಿಸಿ, ಬೆಳಿಗ್ಗೆ ಬೋಟಿ, ಮಧ್ಯಾಹ್ನ ಸಾರು ಮುದ್ದೆ, ರಾತ್ರಿ ಹುರಿದದ್ದು, ಮಾರನೇ ದಿನ ಉಳಿದ ಸಾರು. ಹಬ್ಬ ಮಾಡಬೇಡಿ ಅಂತ ನಾನು ಹೇಳುವುದಿಲ್ಲ. ಹಿರಿಯರ ತಟ್ಟೆಗೆ ಒಂದು ಹೊತ್ತು ಮಾತ್ರ ಬಡಿಸಿ, ಮೂರು ತುಂಡು, ಸಾರು ಕಡಿಮೆ. ಹಾರ್ಟ್ ಫೇಲ್ಯೂರ್ ಇದ್ದವರಿಗೆ ಅಪಾಯ ಜಿಂಕ್‌ನಿಂದಲೂ ಅಲ್ಲ, ಒಂದು ದಿನದ ಕೊಬ್ಬಿನಿಂದಲೂ ಅಷ್ಟಿಲ್ಲ, ಉಪ್ಪಿನಿಂದ. ದಿನಕ್ಕೆ ಒಟ್ಟು 5 ಗ್ರಾಂ ಉಪ್ಪು ದಾಟಬಾರದು ಎನ್ನುತ್ತಾರೆ, ಅದು ಒಂದು ಟೀ ಚಮಚ. ಹಬ್ಬದಲ್ಲಿ ಎರಡು ಪಟ್ಟು ಹೋದರೆ ಮೈಯಲ್ಲಿ ನೀರು ನಿಂತು ರಾತ್ರಿ ಮಲಗಲು ಆಗದಷ್ಟು ಉಸಿರು ಕಟ್ಟಬಹುದು.

ಇನ್ನೊಂದು ಮಾತು. ಬಾಡೂಟದ ರಾತ್ರಿ ಎದೆ ಹಿಡಿದುಕೊಂಡರೆ "ಗ್ಯಾಸು, ಸೋಡಾ ಕುಡಿ" ಅಂತ ಕೂರಬೇಡಿ. ಬೆವರು, ಉಸಿರಾಟದ ತೊಂದರೆ, ದವಡೆ ಅಥವಾ ಎಡಗೈ ನೋವು ಇದ್ದರೆ ತಕ್ಷಣ 108ಕ್ಕೆ ಫೋನ್ ಮಾಡಿ. ಶುಗರ್ ಇರುವವರಿಗೆ ಎದೆನೋವೇ ಇಲ್ಲದೆ ಬರೀ ಸುಸ್ತು, ಬೆವರು ಬರಬಹುದು.

ಹಲ್ಲಿಲ್ಲದವರಿಗೆ ಮಾಂಸ ಹೇಗೆ ಕೊಡುವುದು?

ಕೈಮ ಮಾಡಿಸಿ. ಕೊಬ್ಬು ತೆಗೆಸಿ, ಎರಡು ಸಲ ಕೊಚ್ಚಿಸಿ. ನಮ್ಮ ಅಮ್ಮ ಮಾಡುವುದು ಹೀಗೆ: 100 ಗ್ರಾಂ ಕೈಮಕ್ಕೆ ನೆನೆಸಿದ ಕಡಲೆಬೇಳೆ ಒಂದು ಹಿಡಿ, ಸಬ್ಬಸಿಗೆ ಸೊಪ್ಪು, ಶುಂಠಿ, ಬೆಳ್ಳುಳ್ಳಿ, ಒಂದು ಹಸಿಮೆಣಸಿನಕಾಯಿ ಸೇರಿಸಿ ರುಬ್ಬಿ ಉಂಡೆ ಕಟ್ಟುತ್ತಾರೆ. ಎಣ್ಣೆಯಲ್ಲಿ ಕರಿಯುವುದಿಲ್ಲ. ಕುದಿಯುವ ತೆಳು ಸಾರಿಗೆ ಒಂದೊಂದೇ ಬಿಡುತ್ತಾರೆ. ಉಪ್ಪು ಅರ್ಧ ಹಾಕಿ, ಇಳಿಸಿದ ಮೇಲೆ ನಿಂಬೆ ಹಿಂಡುತ್ತಾರೆ, ಆಗ ಉಪ್ಪು ಕಡಿಮೆ ಇರುವುದು ಗೊತ್ತೇ ಆಗುವುದಿಲ್ಲ. ಆರು ಉಂಡೆ ಆಗುತ್ತದೆ. ಭಾನುವಾರ ಮಧ್ಯಾಹ್ನ ಅಪ್ಪನಿಗೆ ಮೂರು, ಅಮ್ಮನಿಗೆ ಮೂರು, ಮೊಳಕೆ ರಾಗಿಯ ಸಣ್ಣ ಮುದ್ದೆ ಜೊತೆಗೆ. ಅಟ್ಟದ ಮೇಲಿನ ದೊಡ್ಡ ಕುಕ್ಕರ್ ಅಲ್ಲೇ ಇದೆ. ಅಮ್ಮ ಇದಕ್ಕಾಗಿ ಒಂದು ಚಿಕ್ಕ ಪಾತ್ರೆ ತಂದಿದ್ದಾರೆ.